ನಡುಮನೆಯ ಬೆಳಕು

ಜಗಳೂರಿನ ಕಡೆಯ ಹಳೆಯ ಮಾಳಿಗೆಮನೆಗಳನ್ನು ಕಟ್ಟಿದವರ ಉದ್ದೇಶ ಬಿಸಿಲನ್ನು ಹೊರಗಿಡುವುದಾಗಿತ್ತು. ದಪ್ಪ ಗೋಡೆ, ಗಿಡ್ಡ ಬಾಗಿಲು, ಮೇಲೊಂದು ಬೆಳಕಿಂಡಿ, ಅಷ್ಟೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಹಳೆಯ ಹೆಂಚಿನ ಮನೆಗಳಲ್ಲಿಯೂ ನಡುಮನೆಯೆಂದರೆ ಹಗಲಿನಲ್ಲೇ ಮುಸ್ಸಂಜೆ. ಆದರೆ ನಾಮಕರಣ, ನಿಶ್ಚಿತಾರ್ಥ, ಅಜ್ಜಿಯ ಆಶೀರ್ವಾದಗಳೆಲ್ಲ ನಡೆಯುವುದು ಅಲ್ಲಿಯೇ.

ಅಲ್ಲಿ ತೆಗೆದ ಚಿತ್ರ ಕಪ್ಪಾದರೆ ಇಂದಿನವರು ಚಿಂತಿಸುವುದಿಲ್ಲ. ಮೊಬೈಲಿನಲ್ಲೇ ತಿದ್ದಿದರಾಯಿತು ಎನ್ನುತ್ತಾರೆ. ತಿದ್ದುವಿಕೆಗೂ ಮಿತಿಯುಂಟು. ದಾಖಲಾದ ಮಬ್ಬನ್ನು ತಿಳಿಗೊಳಿಸಬಹುದು. ದಾಖಲಾಗದೆ ಹೋದ ಕಣ್ಣಿನ ಹೊಳಪನ್ನು ಮರಳಿ ತರಲಾಗದು. ಬಲವಂತವಾಗಿ ಬೆಳಗಿಸಿದರೆ ಚಿತ್ರದ ತುಂಬ ಬಣ್ಣದ ಪುಡಿ ಚೆಲ್ಲಿದಂತಾಗುತ್ತದೆ.

ಆದುದರಿಂದ ಮೊದಲು ಬೆಳಕನ್ನು ಒಲಿಸಿಕೊಳ್ಳಬೇಕು. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಮುಂಬಯಿಯ ಸ್ಟುಡಿಯೋದ ಕತ್ತಲೆಗೆ ಬಿಸಿಲುಕೋಲನ್ನು ತಂದದ್ದು ಕನ್ನಡಿಗಳಿಂದ. ಸುಬ್ರತ ಮಿತ್ರರು 1956ರ ‘ಅಪರಾಜಿತೋ’ದಲ್ಲಿ ದೀಪಗಳ ಬೆಳಕನ್ನು ಬಿಳಿಯ ಬಟ್ಟೆಗೆ ತಾಗಿಸಿ, ಕಾಶಿಯ ಮನೆಯಂಗಳದ ಮೃದುವಾದ ಹಗಲನ್ನು ಸ್ಟುಡಿಯೋದಲ್ಲೇ ಮೂಡಿಸಿದರು.

ನಮ್ಮ ಮನೆಗಳಲ್ಲಿ ಕನ್ನಡಿಯೂ ಬಿಳಿಯ ಪಂಚೆಯೂ ಇಲ್ಲವೇ? ಅಜ್ಜಿಯನ್ನು ಬಾಗಿಲ ಬಳಿ, ಮುಖಕ್ಕೆ ಓರೆಯಾಗಿ ಬೆಳಕು ಬೀಳುವಂತೆ ಕೂರಿಸಿ. ಸಣ್ಣ ಕಿಂಡಿಯಿಂದ ದೂರ ಎರಡು ಪಟ್ಟಾದರೆ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಎರಡು ಹೆಜ್ಜೆ ಮುಂದೆ ಬಂದರೂ ಲಾಭ ದೊಡ್ಡದು. ನೆರಳಾದ ಕೆನ್ನೆಯ ಕಡೆಗೆ ಪಂಚೆಯನ್ನು ಹರವಿ ಹಿಡಿಯಿರಿ. ಹಳದಿ ದೀಪವನ್ನು ಆರಿಸಿ. ಹಗಲ ಬೆಳಕಿನೊಡನೆ ಅದು ಬೆರೆತರೆ ಮೈಬಣ್ಣ ಕೆಡುತ್ತದೆ. ಎದುರಿನಿಂದ ಚಿಮ್ಮುವ ಫ್ಲಾಷ್ ಮುಖವನ್ನು ಬಿಳಿಚಿಸಿ, ಹಿಂದಿನ ಮನೆಯನ್ನೇ ನುಂಗುತ್ತದೆ, ಅದು ಬೇಡ. ಮಬ್ಬಿನಲ್ಲಿ ಷಟರು ಹೆಚ್ಚು ಹೊತ್ತು ತೆರೆದಿರುವುದರಿಂದ ಕೈ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ಕ್ಯಾಮೆರಾವನ್ನು ಕಂಬಕ್ಕೆ ಆನಿಸಿಕೊಳ್ಳಿ.

ಆಮೇಲೆ ತಿದ್ದಿ, ಹಿತಮಿತವಾಗಿ. ನೆರಳನ್ನು ತುಸು ತಿಳಿಗೊಳಿಸಿ, ಬಣ್ಣದ ವಾಲಿಕೆಯನ್ನು ಸರಿಪಡಿಸಿ, ನಿಲ್ಲಿಸಿ. ಮೂಲಪ್ರತಿಯನ್ನು ಅಳಿಸಬೇಡಿ.

ಹಿರಿಯರು ತೀರಿಕೊಂಡ ಮೇಲೆ, ಯಾವುದೋ ಗುಂಪುಚಿತ್ರದಿಂದ ಮುಖವನ್ನು ಕತ್ತರಿಸಿ, ಹಿಗ್ಗಿಸಿ, ಸುಕ್ಕನ್ನು ಅಳಿಸಿ, ಬಿಳುಪು ಬಳಿದು ಗೋಡೆಗೆ ತೂಗುಹಾಕಿದ ಮನೆಗಳೆಷ್ಟಿಲ್ಲ! ಅಂಗಳದ ಬಿಸಿಲಿನಲ್ಲಿ ಅಡಕೆ ಹರವುತ್ತ ಕಂದಿದ ಆ ಮುಖ ಅಲ್ಲಿರುವುದಿಲ್ಲ. ಹಾರ ಹಾಕುವ ಕೈ ಕ್ಷಣಕಾಲ ತಡೆಯುತ್ತದೆ: ಇವಳು ನಮ್ಮ ಅಜ್ಜಿಯೇ? ಮೊಮ್ಮಕ್ಕಳ ಮಕ್ಕಳಿಗಂತೂ ಆ ಸಂಶಯವೂ ಬಾರದು. ಗೋಡೆಯ ಮೇಲಿನ ಅಪರಿಚಿತೆಯನ್ನೇ ಅವರು ಮುತ್ತಜ್ಜಿಯೆಂದು ನಂಬುತ್ತಾರೆ.

ಅಜ್ಜಿ ಇರುವಾಗಲೇ, ಬರುವ ಭಾನುವಾರ ಬೆಳಗ್ಗೆ, ಬಾಗಿಲನ್ನು ಪೂರ್ತಿ ತೆರೆದು ಒಂದು ಮಣೆ ಹಾಕಿ.