ಹೆಸರುಳ್ಳ ಬಟ್ಟಲು

ಸಂಗ್ರಹವೆಂಬುದು ಸಿರಿವಂತರ ವಿನೋದವೆಂದು ನಮ್ಮಲ್ಲನೇಕರ ಭಾವನೆ. ಅಂಚೆಚೀಟಿ, ನಾಣ್ಯಗಳಂತೆ ಜಪಾನೀ ಸೈನಿಕರ ಸಾಕೆ ಬಟ್ಟಲುಗಳನ್ನು ಕೂಡಿಹಾಕುವವರೂ ಲೋಕದಲ್ಲಿದ್ದಾರೆ. ಸಾಕೆ ಎಂಬುದು ಅಕ್ಕಿಯಿಂದ ಮಾಡುವ ಮದ್ಯ. 1945ಕ್ಕೆ ಮೊದಲು ಅಲ್ಲಿಯ ಸೈನಿಕನು ಸೇವೆ ಮುಗಿಸಿ ಊರಿಗೆ ಮರಳಿದಾಗ, ತನ್ನನ್ನು ಹರಸಿ ಕಳಿಸಿದ ಬಂಧುಮಿತ್ರರಿಗೆ ಇಂಥ ಪುಟ್ಟ ಬಟ್ಟಲುಗಳನ್ನು ಹಂಚುವ ವಾಡಿಕೆಯಿತ್ತು. ಅದರಲ್ಲಿ ದಳದ ಹೆಸರು, ನಕ್ಷತ್ರ, ಚೆರಿ ಹೂವು. ವಿಮಾನದಳದವನಾದರೆ ವಿಮಾನದ ಚಿತ್ರ. ಹಲವು ವೇಳೆ ಆತನ ಹೆಸರೂ ಇರುತ್ತಿತ್ತು.

ಯುದ್ಧದ ವಸ್ತುವನ್ನು ಅಕ್ಕರೆಯಿಂದ ಕಾಪಿಡುವುದು ಸರಿಯೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ನಮ್ಮ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಬಟ್ಟಲಿನ ವಿಮಾನವನ್ನು ಮೆಚ್ಚಿ ಆ ಬಾಂಬನ್ನು ಮರೆಯುವ ಸಂಗ್ರಹ ಅರ್ಧಸತ್ಯ. ಆದರೆ ಬಟ್ಟಲನ್ನು ಒಡೆದುಹಾಕಿದರೆ ಉಳಿದರ್ಧವೂ ಹೋಗುತ್ತದೆ. ಸೇನಾಪತಿಗಳ ಹೆಸರನ್ನು ಪುಸ್ತಕಗಳು ಕಾಯುತ್ತವೆ. ಸಾಮಾನ್ಯ ಸೈನಿಕನ ಹೆಸರಿಗೆ ಬಟ್ಟಲೇ ಗತಿ. ನಮ್ಮ ವೀರಗಲ್ಲುಗಳ ಮಾತೂ ಇದೇ ಅಲ್ಲವೆ? ಕೆಳಗೆ ಕಾಳಗ, ನಡುವೆ ಮಡಿದವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸಾನ್ನಿಧ್ಯ. ಊರ ದನಗಳನ್ನು ಬಿಡಿಸಲು ಹೋಗಿ ಮಡಿದವನನ್ನು ಇಂದಿಗೂ ನಮಗೆ ತಿಳಿಸುವುದು ಆ ಕಲ್ಲೇ.

ಜಪಾನಿನವರೆಗೆ ಹೋಗುವುದಾದರೂ ಏಕೆ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಅಡಿಗೆಮನೆಗಳನ್ನು ನೋಡಿರಿ. ಮದುವೆಯಲ್ಲಿ ಮುಯ್ಯಿ ಬಂದ ತಂಬಿಗೆ, ಕೊಡಗಳ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಚುಕ್ಕೆಚುಕ್ಕೆಯಾಗಿ ಕೊರೆದಿರುತ್ತವೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಪಠ್ಯಪುಸ್ತಕಗಳು ಬರುವ ಮುನ್ನ ನಮ್ಮ ಮನೆಯಲ್ಲಿದ್ದ ಬರಹವೆಂದರೆ ಅಜ್ಜಿಯ ಹಿತ್ತಾಳೆ ತಂಬಿಗೆಯ ಮೇಲಿನ ಒಂದು ಸಾಲು. ಅಜ್ಜಿಗೆ ಓದು ಬಾರದು. ಆದರೂ ಅಕ್ಷರಗಳ ಮೇಲೆ ಬೆರಳಾಡಿಸಿ, “ಇದು ನಮ್ಮಣ್ಣ ಕೊಟ್ಟಿದ್ದು” ಎನ್ನುತ್ತಾಳೆ. ಇಂಥ ಪಾತ್ರೆಗಳನ್ನು ನಾವು ಗುಜರಿಯವನಿಗೆ ತೂಕಕ್ಕೆ ಮಾರಿ ಹೊಸ ಸ್ಟೀಲು ತರುತ್ತೇವೆ. ಹಿತ್ತಾಳೆಗೆ ಬೆಲೆ ಬಂದಿತು, ಹೆಸರು ಕರಗಿಹೋಯಿತು.

ಮಾರಲೇಬಾರದೆಂದು ನಾನು ಹೇಳಲಾರೆ. ಕೈ ಕಟ್ಟಿದ ಮನೆಗೆ ಬೇರೆ ದಾರಿಯಿರುವುದಿಲ್ಲ. ಆದರೆ ಮಾರುವ ಮುನ್ನ ಆ ಸಾಲನ್ನು ಬರೆದಿಟ್ಟುಕೊಳ್ಳಲು ಕಾಸು ಬೇಕಿಲ್ಲ. ರಜೆಗೆ ಊರಿಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ಪಾತ್ರೆಗಳ ಬರಹವನ್ನು, ಕೊಟ್ಟವರಾರು, ಏಕೆ ಕೊಟ್ಟರು ಎಂಬ ವಿವರದೊಡನೆ ಬರೆದು ತರಲಿ. ಇತಿಹಾಸ ವಿಭಾಗದ ಗುರುಗಳು ಅದಕ್ಕೊಂದು ದಫ್ತರ ತೆರೆಯಲಿ. ಗವಿಮಠದ ಬೆಟ್ಟದ ಅಶೋಕಶಾಸನವನ್ನು ಓದಲು ಪಂಡಿತರಿದ್ದಾರೆ. ತಂಬಿಗೆಯ ಶಾಸನವನ್ನು ಅಕ್ಷರ ಕಲಿತ ನಾವೇ ಓದದಿದ್ದರೆ ಮತ್ತಾರು ಓದಬೇಕು?