ಮರಗಸಿ ಕಾಲದ ಅನಾಥರು

ಹೂಮಳೆ ಬಿದ್ದು, ಕಾಫಿ ಹೂ ಅರಳಿ ಉದುರಿದ ಮೇಲೆ ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಮರಗಸಿಯ ಕೆಲಸ ಜೋರಾಗುತ್ತದೆ. ಮಳೆಗಾಲದಲ್ಲಿ ಗಿಡಗಳಿಗೆ ಒಂದಿಷ್ಟು ಬೆಳಕು, ಗಾಳಿ ಆಡಲಿ ಎಂದು ನೆರಳು ಮರಗಳ ಕೊಂಬೆ ಇಳಿಸುವ ಕೆಲಸ ಅದು. ಹಾಲುವಾಣ, ಅತ್ತಿ, ಬಸರಿ, ಹಲಸು ಎಲ್ಲಕ್ಕೂ ಕತ್ತಿ ಬೀಳುತ್ತದೆ. ಶಾಲೆಗಳಿಗೆ ಬೇಸಿಗೆ ರಜ ಸಿಗುವುದೂ ಆಗಲೇ, ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದೂ ಆಗಲೇ. ಈ ಮೂರೂ ಒಟ್ಟಿಗೆ ಬರುವುದರಿಂದ ಆಗುವ ಪರಿಣಾಮ ಏನೆಂದರೆ, ತೋಟದ ಯಾವ ಮನೆಗೆ ಹೋದರೂ ಜಗಲಿಯ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ, ಡಬ್ಬದೊಳಗೆ ಹಳೇ ಬನಿಯನ್ನಿನ ಚೂರು, ಅದರ ಮೇಲೆ ಕಣ್ಣು ಬಿಡದ ಅಳಿಲಿನ ಮರಿಯೋ ಪುಕ್ಕ ಮೂಡದ ಹಕ್ಕಿಯ ಮರಿಯೋ ನಡುಗುತ್ತ ಮಲಗಿರುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ಹಾಲು. ಸುತ್ತ ನಾಲ್ಕು ಮಕ್ಕಳು.

ಹೆಚ್ಚಿನ ಡಬ್ಬಗಳು ಮೂರನೇ ದಿನಕ್ಕೆ ಖಾಲಿಯಾಗುತ್ತವೆ. ನಾಲ್ಕನೇ ತರಗತಿಯಲ್ಲಿದ್ದಾಗ ನಾನೂ ಒಂದು ಅಳಿಲಿನ ಮರಿಗೆ ಹತ್ತಿಯಲ್ಲಿ ಅದ್ದಿ ಅದ್ದಿ ಹಸುವಿನ ಹಾಲು ಕುಡಿಸಿದವನು. ಅದು ಹೊಟ್ಟೆ ಉಬ್ಬರಿಸಿಕೊಂಡು ಸತ್ತಿತು. ‘ಪಾಪ, ಅದರ ಆಯುಸ್ಸು ಅಷ್ಟೇ’ ಎಂದು ಮನೆಯವರು ಸಮಾಧಾನ ಹೇಳಿದರು. ಅದರ ಆಯುಸ್ಸನ್ನು ಮೊಟಕು ಮಾಡಿದ್ದು ನನ್ನ ಹಾಲು ಎಂದು ತಿಳಿಯುವ ಹೊತ್ತಿಗೆ ನನ್ನ ತಲೆಗೂದಲು ನೆರೆಯತೊಡಗಿತ್ತು.

ಹಾಲು ಎಂದರೆ ನಮಗೆ ಅಮೃತ. ಆದರೆ ಒಂದೊಂದು ಪ್ರಾಣಿಯ ಹಾಲು ಆಯಾ ಪ್ರಾಣಿಯ ಮರಿಯ ಹೊಟ್ಟೆಗೆಂದೇ ತಯಾರಾದ ಅಡುಗೆ. ಕರುವಿನ ಊಟ ಅಳಿಲಿನ ಮರಿಗೆ ಒಗ್ಗುವುದಿಲ್ಲ, ಭೇದಿ ಶುರುವಾಗಿ ಮೈಯ ನೀರೆಲ್ಲ ಹೋಗುತ್ತದೆ. ಹಕ್ಕಿಗಳ ಕತೆ ಇನ್ನೂ ಸ್ಪಷ್ಟ. ಮೊಲೆಯೇ ಇಲ್ಲದ ಜೀವಕ್ಕೆ ಹಾಲು ಅರಗುವುದಾದರೂ ಹೇಗೆ? ಅದಕ್ಕಿಂತ ದೊಡ್ಡ ಅಪಾಯ ಹಕ್ಕಿಯ ಕೊಕ್ಕು ಬಿಡಿಸಿ ನೀರು ಹನಿಸುವುದು. ಹಕ್ಕಿಯ ಬಾಯೊಳಗೆ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇರುತ್ತದೆ. ನಾವು ಕರುಣೆಯಿಂದ ಬಿಟ್ಟ ಹನಿ ಗಂಟಲಿಗೆ ಹೋಗುವ ಬದಲು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿ ನೆಲದ ಮೇಲೆಯೇ ಮುಳುಗಿ ಸಾಯುತ್ತದೆ.

ಆಸ್ಟ್ರೇಲಿಯಾದಲ್ಲಿ ಇಂಥ ಕೆಲಸಕ್ಕೆ ದೊಡ್ಡ ಪಡೆಯೇ ಇದೆ. ಅಲ್ಲಿ ಕಾಂಗರೂ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತರೆ ಅದರ ಹೊಟ್ಟೆಯ ಚೀಲದೊಳಗೆ ಮರಿ ಜೀವಂತವಾಗಿ ಉಳಿದಿರುವುದುಂಟು. ಅಂಥ ಮರಿಯನ್ನು ತಂದು, ಬಟ್ಟೆಯಲ್ಲಿ ಹೊಲಿದ ಚೀಲದೊಳಗೆ ಬೆಚ್ಚಗಿಟ್ಟು, ತಿಂಗಳುಗಟ್ಟಲೆ ಸಾಕಿ ಕಾಡಿಗೆ ಬಿಡುವವರು ಸಂಬಳವಿಲ್ಲದ ಸ್ವಯಂಸೇವಕರು. ಶಾಲಾ ಶಿಕ್ಷಕರು, ನಿವೃತ್ತರು, ಗೃಹಿಣಿಯರು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1985ರಲ್ಲಿ ಹುಟ್ಟಿದ ‘ವೈರ್ಸ್’ ಎಂಬ ಸಂಸ್ಥೆ ಇಂಥವರನ್ನು ಸಾವಿರಗಟ್ಟಲೆ ತಯಾರು ಮಾಡಿದೆ. ಪೋರ್ಟ್ ಮಕ್ವಾರಿ ಎಂಬ ಊರಿನಲ್ಲಿ ಕೋಆಲಾಗಳಿಗೆಂದೇ 1973ರಿಂದ ಒಂದು ಆಸ್ಪತ್ರೆ ಇದೆ. 2019–20ರ ಕಾಳ್ಗಿಚ್ಚಿನಲ್ಲಿ ಸುಟ್ಟ ಪಾದಗಳಿಗೆ ಪಟ್ಟಿ ಕಟ್ಟಿಸಿಕೊಂಡ ಕೋಆಲಾಗಳ ಚಿತ್ರ ನೀವೂ ನೋಡಿರುತ್ತೀರಿ.

ನಾವು ಗಮನಿಸಬೇಕಾದ ಸಂಗತಿ ಬೇರೆ. ಅಲ್ಲಿ ತರಬೇತಿ ಪಡೆಯದೆ, ಪರವಾನಗಿ ಇಲ್ಲದೆ ಯಾರೂ ಮರಿ ಸಾಕುವಂತಿಲ್ಲ. ಹಸುವಿನ ಹಾಲು ಕುಡಿದ ಕಾಂಗರೂ ಮರಿಗೆ ಭೇದಿಯಷ್ಟೇ ಅಲ್ಲ, ಕಣ್ಣಿನಲ್ಲಿ ಪೊರೆಯೂ ಬರಬಹುದು. ಕುರುಡು ಕಾಂಗರೂವನ್ನು ಕಾಡಿಗೆ ಬಿಡುವುದೂ ಒಂದೇ, ಕೊಲ್ಲುವುದೂ ಒಂದೇ. ಅವರೂ ನನ್ನ ಹಾಗೆ ಹಾಲು ಕುಡಿಸಿ, ಮರಿಗಳನ್ನು ಕಳೆದುಕೊಂಡೇ ಪಾಠ ಕಲಿತಿರಬೇಕು.

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಗಾಯಗೊಂಡದ್ದೋ ಅನಾಥವೋ ನಿಮ್ಮ ಕೈಗೆ ಸಿಕ್ಕರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಅರಣ್ಯ ಇಲಾಖೆಯ 1926 ಸಹಾಯವಾಣಿ ಇರುವುದೂ ಇಂಥದ್ದಕ್ಕೇ. ಪಂಜರದ ಗಿಳಿ ಕೂಡ ಕಾನೂನಿನ ಕಣ್ಣಿನಲ್ಲಿ ಅಪರಾಧವೇ. ಇದನ್ನು ಕೇಳಿದ ಕೂಡಲೇ ನಮ್ಮ ಜನ ಮಾಡುವುದು ಎರಡೇ: ಹೆದರಿ ಮರಿಯನ್ನು ಬೇಲಿಯಾಚೆ ಎಸೆಯುವುದು, ಇಲ್ಲವೇ ಯಾರಿಗೂ ಹೇಳದೆ ಅಡುಗೆಮನೆಯಲ್ಲಿ ಬಚ್ಚಿಡುವುದು. ಎರಡೂ ಬೇಡ. ಗಾಯಗೊಂಡ ಪ್ರಾಣಿಯನ್ನು ಒಪ್ಪಿಸಲು ಬಂದವರ ಮೇಲೆ ಮೊಕದ್ದಮೆ ಹೂಡುವುದು ಕಾನೂನಿನ ಉದ್ದೇಶವಲ್ಲ.

ಹಾಗಾದರೆ ರೇಂಜ್ ಆಫೀಸಿನವರೋ ಪಶುವೈದ್ಯರೋ ಸಿಗುವ ತನಕ ಮಾಡಬೇಕಾದ್ದೇನು? ಬಹಳ ಕಡಿಮೆ. ಗಾಳಿಯಾಡಲು ತೂತು ಮಾಡಿದ ಡಬ್ಬ, ಕತ್ತಲೆ, ಬೆಚ್ಚನೆಯ ಬಟ್ಟೆ, ನಿಶ್ಶಬ್ದ. ಅಷ್ಟೇ. ಮಕ್ಕಳಿಗೆ ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಲೇಬೇಕು, ಬೆರಳಿನಲ್ಲಿ ನೇವರಿಸಲೇಬೇಕು, ಪಕ್ಕದ ಮನೆಯವರನ್ನು ಕರೆದು ತೋರಿಸಲೇಬೇಕು. ನಾವು ಮುದ್ದು ಮಾಡುತ್ತಿದ್ದೇವೆ ಎಂದುಕೊಂಡರೆ, ಮರಿಯ ಲೆಕ್ಕದಲ್ಲಿ ಒಂದು ದೈತ್ಯ ಜಂತು ತನ್ನನ್ನು ತಿನ್ನಲು ಮತ್ತೆ ಮತ್ತೆ ಕೈಚಾಚುತ್ತಿದೆ. ಕಾಡುಕುರಿ, ಜಿಂಕೆಗಳಂಥ ಪ್ರಾಣಿಗಳು ನಾಯಿಯಿಂದ ಪಾರಾಗಿ ಬಂದು, ಮೈಮೇಲೆ ಗೀರೂ ಇಲ್ಲದೆ, ಎರಡು ದಿನ ಬಿಟ್ಟು ಸಾಯುವುದುಂಟು. ಪ್ರಾಣಭಯದ ಓಟದಲ್ಲಿ ಮಾಂಸಖಂಡಗಳು ಒಳಗೇ ಹಾಳಾಗಿ, ಆ ನಂಜು ಮೂತ್ರಪಿಂಡವನ್ನು ಕೆಡಿಸಿರುತ್ತದೆ. ಸುತ್ತ ನೆರೆದು ಫೋಟೋ ತೆಗೆಯುವ ಗುಂಪು ಕೂಡ ಒಂದು ಬಗೆಯ ನಾಯಿಯೇ.

ಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಮಾಡಿ ಬೇಲಿಗೆ ಕಟ್ಟಿದ ಉರುಳಿಗೆ ಚಿರತೆ ಸಿಕ್ಕಿದಾಗ ಆಗುವುದೂ ಇದೇ. ಸೊಂಟಕ್ಕೆ ಬಿಗಿದ ತಂತಿ ಜಗ್ಗಿದಷ್ಟೂ ಕೊರೆಯುತ್ತದೆ. ಸುತ್ತ ನಾಲ್ಕು ಊರಿನ ಜನ ಕೂಗಾಡುತ್ತಾರೆ. ಅರಿವಳಿಕೆ ಕೊಡುವ ವೈದ್ಯರು ದೂರದ ಊರಿನಿಂದ ಬಂದು ಬಿಡಿಸುವ ಹೊತ್ತಿಗೆ ಅದರ ಒಳಗು ಅರ್ಧ ಸತ್ತಿರುತ್ತದೆ. ಬದುಕಿದರೆ ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೋ ಬನ್ನೇರುಘಟ್ಟಕ್ಕೋ ಪ್ರಯಾಣ.

ಪೋಷಕರಿಗೆ ಇಲ್ಲೊಂದು ಮಾತು. ಕೋತಿ, ಮುಂಗುಸಿ, ನರಿ ಕಚ್ಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗ ನಾಯಿಗೆ ಮಾತ್ರ ಮೀಸಲಲ್ಲ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. 2018ರಲ್ಲಿ ಕೇರಳದಲ್ಲಿ ನಿಪಾ ಬಂದ ಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತ್ತುಬಿದ್ದ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮಲೆನಾಡನ್ನು ಬಿಟ್ಟುಹೋಗಿಲ್ಲ.

ಇನ್ನು, ಬದುಕಿದ ಮರಿಯ ಸಮಸ್ಯೆ. ಅದು ಸತ್ತ ಮರಿಯ ಸಮಸ್ಯೆಗಿಂತ ಜಟಿಲ. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಸ್ ಎಂಬ ವಿಜ್ಞಾನಿಯ ಹಿಂದೆ ಹೆಬ್ಬಾತಿನ ಮರಿಗಳು ಸಾಲಾಗಿ ನಡೆಯುತ್ತಿದ್ದವು. ಮೊಟ್ಟೆಯೊಡೆದು ಬಂದಾಗ ಮೊದಲು ಕಂಡದ್ದು ಅವರನ್ನೇ ಆದ್ದರಿಂದ ಅವರೇ ತಾಯಿ ಎಂದು ಅವು ನಂಬಿದ್ದವು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ಅವರಿಗೆ 1973ರ ನೊಬೆಲ್ ಬಹುಮಾನದ ಪಾಲು ಬಂತು. ನಮ್ಮ ಹಳ್ಳಿಗಳಲ್ಲಿ ಅದೇ ಪ್ರಯೋಗ ಬಹುಮಾನವಿಲ್ಲದೆ ನಡೆಯುತ್ತಿರುತ್ತದೆ. ಬಾಟಲಿಯಲ್ಲಿ ಹಾಲು ಕುಡಿದ ಗಂಡು ಜಿಂಕೆ ಬೆಳೆದು ಬೆದೆಗೆ ಬಂದಾಗ ಸಾಕಿದವನನ್ನೇ ಎದುರಾಳಿ ಜಿಂಕೆ ಎಂದು ಬಗೆದು ಕೊಂಬಿನಲ್ಲಿ ತಿವಿಯುತ್ತದೆ. ಮನುಷ್ಯರ ಕೈತುತ್ತು ಉಂಡ ಕೋತಿಮರಿ ಮೂರು ವರ್ಷದಲ್ಲಿ ಬೀದಿಗೆ ಕಂಟಕವಾಗುತ್ತದೆ. ಆಮೇಲೆ ಅದನ್ನು ‘ಕಾಡಿಗೆ ಬಿಟ್ಟು ಬರುತ್ತೇವೆ’. ಬೇಟೆ ಗೊತ್ತಿಲ್ಲದ, ನಾಯಿಗೂ ಹೆದರದ ಪ್ರಾಣಿ ಕಾಡಿನಲ್ಲಿ ಎಷ್ಟು ದಿನ ಬಾಳೀತು? ಆದ್ದರಿಂದಲೇ ಒಳ್ಳೆಯ ಪುನರ್ವಸತಿ ಕೇಂದ್ರಗಳಲ್ಲಿ ಮರಿಗಳ ಜತೆ ಮಾತಾಡುವುದಿಲ್ಲ, ಹೆಸರಿಡುವುದಿಲ್ಲ, ತೀರ ಬೇಕಾದಾಗ ಮಾತ್ರ ಮುಟ್ಟುತ್ತಾರೆ. ಬೆಂಗಳೂರಿನ ಕೆಂಗೇರಿ ಬಳಿ 1996ರಿಂದ ‘ಪೀಪಲ್ ಫಾರ್ ಅನಿಮಲ್ಸ್’ ನಡೆಸುತ್ತಿರುವಂಥ ಆಸ್ಪತ್ರೆಗಳ ಗುರಿ ಪ್ರಾಣಿಗಳನ್ನು ಸಾಕುವುದಲ್ಲ, ಅವುಗಳನ್ನು ಬಂದಲ್ಲಿಗೆ ಕಳಿಸುವುದು.

ಇಷ್ಟೆಲ್ಲ ಅಂಗೈಯಲ್ಲಿ ಹಿಡಿಸುವ ಜೀವಗಳ ಮಾತಾಯಿತು. ಸಕಲೇಶಪುರ, ಆಲೂರಿನಲ್ಲಿ ಗಾಯಗೊಂಡ ಕಾಡುಪ್ರಾಣಿ ಎಂದರೆ ಜನರಿಗೆ ಮೊದಲು ನೆನಪಾಗುವುದು ಅಳಿಲಲ್ಲ, ಆನೆ. ಇಲ್ಲಿನ ಆನೆಗಳಿಗೆ ಅಖಂಡವಾದ ಕಾಡಿಲ್ಲ. ಕಾಫಿ ತೋಟ, ಗದ್ದೆ, ಹೇಮಾವತಿಯ ಹಿನ್ನೀರು, ಚೂರುಪಾರು ಕಾಡು, ಇದರ ನಡುವೆಯೇ ಅವುಗಳ ಸಂಸಾರ. 2014ರಲ್ಲಿ 22 ಆನೆಗಳನ್ನು ಹಿಡಿದು ಇಲ್ಲಿಂದ ಸಾಗಿಸಿದರು. ಆದರೂ ಆನೆಗಳ ಓಡಾಟ ಮುಗಿಯಲಿಲ್ಲ. ಇಂದು ಆನೆ ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ, ಅದನ್ನು ನೋಡಿಕೊಂಡು ಮಕ್ಕಳು ಶಾಲೆಯ ದಾರಿ ಹಿಡಿಯುತ್ತಾರೆ.

2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಬೇಕಾಗಿತ್ತು. ಅದು ಗಾಯಗೊಂಡಿತ್ತು. ಆನೆಯ ಗಾಯಕ್ಕೆ ಮುಲಾಮು ಹಚ್ಚಬೇಕಾದರೆ ಮೊದಲು ಅದಕ್ಕೆ ಮಂಪರು ಬರಿಸಬೇಕು. ಬಂದೂಕಿನಿಂದ ಸೂಜಿಮದ್ದು ಹಾರಿಸುವ ಆ ಕೆಲಸಕ್ಕೆ ಬಂದವರು ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಅರಣ್ಯ ಇಲಾಖೆಯ ಅನುಭವಿ. ಎಷ್ಟೋ ಆನೆ ಕಾರ್ಯಾಚರಣೆಗಳನ್ನು ಕಂಡವರು. ಸಿನಿಮಾದಲ್ಲಿ ಸೂಜಿ ತಗುಲಿದ ಕೂಡಲೇ ಪ್ರಾಣಿ ಧೊಪ್ಪನೆ ಬೀಳುತ್ತದೆ. ನಿಜದಲ್ಲಿ ಮದ್ದು ರಕ್ತಕ್ಕೆ ಸೇರಿ ಮಂಪರು ಕವಿಯಲು ಹಲವು ನಿಮಿಷ ಬೇಕು. ಅಷ್ಟು ಹೊತ್ತು ಆನೆ ಎಚ್ಚರವಾಗಿಯೇ ಇರುತ್ತದೆ, ನೋವಿನಲ್ಲಿರುತ್ತದೆ, ಸಿಟ್ಟಿನಲ್ಲಿರುತ್ತದೆ. ಮದ್ದು ಹೆಚ್ಚಾಗಿ ಎದೆ ಊರಿ ಕುಸಿದರೆ ತನ್ನ ಭಾರಕ್ಕೇ ಉಸಿರುಕಟ್ಟಿ ಸಾಯಬಹುದು ಎಂಬ ಭಯದಿಂದ ಅಳತೆ ಮೀರಿ ಕೊಡುವಂತೆಯೂ ಇಲ್ಲ. ಅಂದು ಭೀಮ ತಿರುಗಿ ನುಗ್ಗಿತು. ಓಡುತ್ತಿದ್ದ ವೆಂಕಟೇಶ್ ಅದಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅದನ್ನು ಕೊಲ್ಲಲು ಹೋದವರಲ್ಲ ಅವರು, ಹಿಡಿದು ಸಾಗಿಸಲು ಹೋದವರೂ ಅಲ್ಲ. ಅದರ ಗಾಯಕ್ಕೆ ಔಷಧ ಹಾಕಿಸಲು ಹೋಗಿದ್ದರು.

ಮೂರು ತಿಂಗಳು ಕಳೆದು, ಅದೇ ವರ್ಷದ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಿತು. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಅರ್ಜುನನಿಗೆ ಇಡೀ ನಾಡು ಅತ್ತಿತು, ಅಳಬೇಕಾದ್ದೇ. ವೆಂಕಟೇಶ್ ಅವರ ಹೆಸರು ಹಾಸನದ ಆಚೆ ಎಷ್ಟು ಮಕ್ಕಳಿಗೆ ಗೊತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಮರಗಸಿಗೆ ಮರಳೋಣ. ಕೆಳಗೆ ಬಿದ್ದ ಮರಿಗಳೆಲ್ಲ ಅನಾಥವಲ್ಲ. ಪುಕ್ಕ ಮೂಡಿ, ಮೋಟು ಬಾಲ ಬಂದು, ನೆಲದ ಮೇಲೆ ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿರುವ ಮರಿ. ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಅದನ್ನು ಎತ್ತಿ ತರುವುದು ರಕ್ಷಣೆಯಲ್ಲ, ಅಪಹರಣ. ಅಟ್ಟದಲ್ಲಿ ಸಿಕ್ಕಿದ ಪುನುಗಿನ ಬೆಕ್ಕಿನ ಮರಿಗಳನ್ನು ಮುಟ್ಟದೆ ಬಿಟ್ಟರೆ ತಾಯಿ ರಾತ್ರಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಅಳಿಲೂ ಅಷ್ಟೆ. ‘ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲ’ ಎಂದು ಅಜ್ಜಿಯರು ಹೇಳುತ್ತಾರಲ್ಲ, ಅದು ಮಕ್ಕಳು ಗೂಡಿಗೆ ಕೈ ಹಾಕದಿರಲೆಂದು ಕಟ್ಟಿದ ಜಾಣ ಸುಳ್ಳು. ಮುಟ್ಟಿದ್ದಕ್ಕೆ ಮರಿಯನ್ನು ದೂರ ಮಾಡುವಷ್ಟು ಮಡಿ ಹಕ್ಕಿಗಳಿಗಿಲ್ಲ.

ಕಳೆದ ಮೇ ತಿಂಗಳಲ್ಲಿ ಆಲೂರಿನ ಕಡೆಯ ಗೆಳೆಯರೊಬ್ಬರ ತೋಟದಲ್ಲಿದ್ದೆ. ಮೇಲಿನಿಂದ ಬಿದ್ದ ಕೊಂಬೆಗೆ ಕಾಫಿ ಗಿಡವೊಂದು ಸೀಳಿ, ಅದರಲ್ಲಿದ್ದ ಪಿಕಳಾರದ ಗೂಡು ಚೂರಾಗಿತ್ತು. ಒಂದು ಮರಿ ಸತ್ತಿತ್ತು, ಎರಡು ಬದುಕಿದ್ದವು. ಏಳನೇ ತರಗತಿಯಲ್ಲಿದ್ದ ಅವರ ಮಗ ಅವನ್ನು ಟೋಪಿಯಲ್ಲಿ ಹಾಕಿಕೊಂಡು ಅಡುಗೆಮನೆಗೆ ಓಡುತ್ತಿದ್ದ. ತಡೆದು ನಿಲ್ಲಿಸಿದೆ. ಹಳೆಯ ಬೆತ್ತದ ಪುಟ್ಟ ಬುಟ್ಟಿ ಹುಡುಕಿ, ಒಣಹುಲ್ಲು ಹಾಸಿ, ಪಕ್ಕದ ಗಿಡದ ಎಲೆಗಳ ಮರೆಯಲ್ಲಿ ಕಟ್ಟಿ ಮರಿಗಳನ್ನು ಇಟ್ಟೆವು. ದೂರದ ಕಣದ ಕಟ್ಟೆಯ ಮೇಲೆ ಕೂತು ಕಾದೆವು. ಒಂದು ಗಂಟೆ ಏನೂ ಇಲ್ಲ. ಹುಡುಗ ಮೂರು ಸಲ ಎದ್ದ, ಮೂರು ಸಲ ಕೂರಿಸಿದೆ. ಆಮೇಲೆ ತಾಯಿ ಪಿಕಳಾರ ಬಾಯಲ್ಲೊಂದು ಹಸಿರು ಹುಳು ಕಚ್ಚಿಕೊಂಡು ಬಂತು. ಬುಟ್ಟಿಯ ಅಂಚಿನಲ್ಲಿ ಕೂತು ಆಚೀಚೆ ನೋಡಿತು, ಹಾರಿಹೋಯಿತು, ಮತ್ತೆ ಬಂತು, ಒಳಗೆ ಬಗ್ಗಿತು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮಾವ, ಅವು ದೊಡ್ಡವಾದ ಮೇಲೆ ನನ್ನ ನೆನಪಿರುತ್ತಾ?’ ಎಂದು ಕೇಳಿದ.

‘ಇರಲ್ಲ ಕಣೋ’ ಎಂದೆ.

ಅವನು ಸ್ವಲ್ಪ ಯೋಚಿಸಿ, ಟೋಪಿ ಕೊಡವಿ ತಲೆಗೆ ಹಾಕಿಕೊಂಡು, ಮರಗಸಿ ಮಾಡುತ್ತಿದ್ದವರ ಕಡೆ ಹೊರಟ. ಮುಂದಿನ ಮರದಲ್ಲಿ ಗೂಡಿದೆಯೋ ಇಲ್ಲವೋ ಮೊದಲು ನೋಡಿ ಎಂದು ಅವರಿಗೆ ಹೇಳಬೇಕಂತೆ.