ಉದ್ದು ನೆನೆಹಾಕುವವರು ಯಾರು?

ಗ್ಯಾಸ್, ಮಿಕ್ಸಿ, ವಾಷಿಂಗ್ ಮೆಷಿನ್ ಬಂದ ಮೇಲೆ ಮನೆಗೆಲಸ ಅನ್ನುವುದೇ ಉಳಿದಿಲ್ಲ, ಇನ್ನು ಸಮಪಾಲಿನ ಕೂಗೇಕೆ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಲೇಖಕರು ಅಡುಗೆಮನೆಯನ್ನು ಹಾಲ್‌ನ ಸೋಫಾದಿಂದಲೇ ನೋಡಿದಂತಿದೆ.

ಗ್ರೈಂಡರ್ ರುಬ್ಬುತ್ತದೆ, ನಿಜ. ಆದರೆ ಮಧ್ಯಾಹ್ನವೇ ನೆನಪಿಟ್ಟು ಅಕ್ಕಿ, ಉದ್ದು ನೆನೆಹಾಕಬೇಕು. ರಾತ್ರಿ ಹಿಟ್ಟು ಬಳಿದು ಪಾತ್ರೆಗೆ ತುಂಬಬೇಕು, ಕಲ್ಲಿನ ಸಂದಿಗೆ ಮೆತ್ತಿಕೊಂಡದ್ದನ್ನು ಉಜ್ಜಿ ತೊಳೆಯಬೇಕು. ಚಳಿಗೆ ಹಿಟ್ಟು ಹುದುಗದಿದ್ದರೆ ಬೆಳಿಗ್ಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಬೇಕು. ಇವಕ್ಕೆಲ್ಲ ಸ್ವಿಚ್ ಇಲ್ಲ.

‘ಗಂಡಸು ದುಡಿದು ತರುತ್ತಾನಲ್ಲ’ ಎಂಬ ಸಮರ್ಥನೆಯೂ ಹಳತು. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲೇ ಗೃಹಿಣಿಯ ದುಡಿಮೆಗೆ ಆರ್ಥಿಕ ಮೌಲ್ಯವಿದೆ, ಅದನ್ನು ಆದಾಯವಾಗಿ ಲೆಕ್ಕಹಾಕಬೇಕು ಎಂದಿದೆ.

ಲೇಖಕರು ಮುಟ್ಟದೇ ಬಿಟ್ಟ ಅಂಕಿಅಂಶ ಇನ್ನೂ ಸ್ವಾರಸ್ಯಕರ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. 2024ರಲ್ಲಿ ಅದು 289 ಮತ್ತು 88. ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು ಎಂದು ಹಿಗ್ಗುವಷ್ಟರಲ್ಲಿ ಗಂಡಸರು ಒಂಬತ್ತು ನಿಮಿಷ ಹಿಂದೆ ಸರಿದಿದ್ದಾರೆ! ಐದು ವರ್ಷದಲ್ಲಿ ಅಂತರ ಕುಗ್ಗಿದ್ದು ಒಂದೇ ನಿಮಿಷ.

ಇದೂ ಕೆಲಸಕ್ಕೆ ಕೈಹಾಕಿದವರ ಸರಾಸರಿ ಮಾತ್ರ. 2019ರಲ್ಲಿ ಹಾಗೆ ಕೈಹಾಕಿದ ಗಂಡಸರು ನೂರಕ್ಕೆ 26, ಹೆಂಗಸರು 81. ಉಳಿದ ಮುಕ್ಕಾಲು ಪಾಲು ಗಂಡಸರ ಮನೆಯಲ್ಲಿ ಮೆಷಿನ್‌ಗೆ ಬಟ್ಟೆ ಹಾಕಿದವರು, ತೆಗೆದು ಒಣಹಾಕಿದವರು ಯಾರೆಂದು ಲೇಖಕರೇ ಹೇಳಲಿ.